ಬೆರ್ತಲಾನನ ಇಪ್ಪತ್ತು ವರ್ಷದ ಗುಂಗುರು

ಬೆರ್ತಲಾನ್ ಚೊರ್ಬಾನ ಗುಂಗುರು ಕೂದಲಿನಲ್ಲಿ ಒಮ್ಮೆ ಫುಟ್‌ಬಾಲ್ ಚೆಂಡು ಸಿಕ್ಕಿಹಾಕಿಕೊಂಡು, ರೆಫರಿ ಸೀಟಿ ಊದಿ ಆಟ ನಿಲ್ಲಿಸಿ, ಎರಡೂ ಕೈ ಹಾಕಿ ಅದನ್ನು ಬಿಡಿಸಿಕೊಟ್ಟನೆಂಬ ಸಂಗತಿ ಕೆರೆಕ್‌ಹಾಲೊಮ್ ಊರಿನಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಗೊತ್ತು. ಹಾಗೆ ಕೈ ಹಾಕಿದಾಗ ರೆಫರಿಯ ಮದುವೆ ಉಂಗುರ ಒಳಗೇ ಉಳಿಯಿತೆಂದೂ, ಗೋಧಿ ಕೊಯ್ಲಿನ ಹೊತ್ತಿಗೆ ತಾನಾಗಿ ಉದುರಿತೆಂದೂ ಸೇರಿಸುವವರುಂಟು. ಸೈನ್ಯದ ಕ್ಷೌರಿಕನ ಕತ್ತರಿ ಅಲ್ಲಿ ಎರಡು ತುಂಡಾಯಿತು. ಆಲಿಕಲ್ಲು ಮಳೆಯ ದಿನ ಊರಿನವರೆಲ್ಲ ಸೂರು ಹುಡುಕಿ ಓಡಿದರೆ ಬೆರ್ತಲಾನ್ ಬಯಲಲ್ಲೇ ನಿಂತು ಟ್ರ್ಯಾಕ್ಟರಿನ ಗಾಲಿ ಬಿಚ್ಚುತ್ತಿದ್ದ. ಕಲ್ಲುಗಳು ತಲೆಗೆ ಬಿದ್ದು, ಹಾಸಿಗೆಯ ಮೇಲೆ ಬಿದ್ದ ಮಕ್ಕಳ ಹಾಗೆ ಪುಟಿದು ಆಚೆ ಹೋದವು. ಬಸುರಿ ಹೆಂಗಸರು ಮಗುವಿಗೆ ಅಂಥ ಕೂದಲು ಬರಲೆಂದು ಅವನ ತಲೆ ಮುಟ್ಟಿ ಹೋಗುತ್ತಿದ್ದರು. ಬೆರ್ತಲಾನ್ ಟೋಪಿ ತೆಗೆದು, ಬಗ್ಗಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಅದನ್ನು ಊರಿನವರು ವಿನಯ ಎಂದು ತಿಳಿದರು. ಅದು ನಾಚಿಕೆ.

ಏಕೆಂದರೆ ಆ ಗುಂಗುರು ದೇವರು ಕೊಟ್ಟದ್ದಲ್ಲ, ಹೆಂಡತಿ ವಿಲ್ಮಾ ಕೊಟ್ಟದ್ದು. ಮೂರು ತಿಂಗಳಿಗೊಮ್ಮೆ, ನಲವತ್ತು ಪ್ಲಾಸ್ಟಿಕ್ ಕಡ್ಡಿಗಳಿಗೆ ಸುತ್ತಿ, ಮೂಗು ಹರಿಯುವ ವಾಸನೆಯ ನೀರು ಹಾಕಿ ಮಾಡಿದ ಅಪ್ಪಟ ಪರ್ಮ್. ಪ್ರಕೃತಿ ಬೆರ್ತಲಾನನಿಗೆ ಕೊಟ್ಟ ಕೂದಲು ಕುದುರೆಯ ಬಾಲದಷ್ಟು ನೆಟ್ಟಗಿತ್ತು.

ಇಪ್ಪತ್ತು ವರ್ಷದ ಹಿಂದೆ, ಅಂದರೆ ಎಪ್ಪತ್ತೆಂಟರಲ್ಲಿ, ವಿಲ್ಮಾ ಇನ್ನೂ ಅವನ ಹೆಂಡತಿಯಾಗಿರಲಿಲ್ಲ. ಪಟ್ಟಣದಲ್ಲಿ ಹೆರ್ಮಿನಾ ಎಂಬ ಮುದುಕಿಯ ಬಳಿ ಕೇಶಾಲಂಕಾರ ಕಲಿಯುತ್ತಿದ್ದಳು. ಹೆರ್ಮಿನಾಳ ಅಂಗಡಿಯ ಮೂಲೆಯಲ್ಲಿ ಹಳೆಯ ಕಾಲದ ಪರ್ಮ್ ಯಂತ್ರ ತೂಗಾಡುತ್ತಿತ್ತು: ಛಾವಣಿಯಿಂದ ಇಳಿದ ಇಪ್ಪತ್ತು ತಂತಿ, ಪ್ರತಿ ತಂತಿಯ ತುದಿಗೆ ಕಾಯುವ ಹಿತ್ತಾಳೆ ಕೊಳವೆ. ಯುದ್ಧಕ್ಕೆ ಮೊದಲು ಹೆಂಗಸರು ಅದಕ್ಕೆ ತಲೆ ಕಟ್ಟಿಸಿಕೊಂಡು ಆರಾರು ಗಂಟೆ ಕೂರುತ್ತಿದ್ದರಂತೆ. ಇದನ್ನೆಲ್ಲ ಮೊದಲು ಕಂಡುಹಿಡಿದವನು ಒಬ್ಬ ಜರ್ಮನ್. ಹಸುವಿನ ಗಂಜಲ ಬೆರೆಸಿದ ನೀರು ಹಚ್ಚಿ, ಕಾದ ಕಬ್ಬಿಣ ಸುತ್ತಿ, ಸ್ವಂತ ಹೆಂಡತಿಯ ತಲೆಯ ಮೇಲೇ ಪ್ರಯೋಗ ಮಾಡಿದ. ಮೊದಲ ಎರಡು ಸಲ ಆಕೆಯ ಕೂದಲು ಸುಟ್ಟೇ ಹೋಯಿತು. ಆಮೇಲೆ ಕಾಯಿಸುವ ಕಷ್ಟವಿಲ್ಲದ ತಣ್ಣನೆಯ ಮದ್ದು ಬಂತು. ಮೊದಲ ನೀರು ಕೂದಲಿನ ಹಟ ಮುರಿಯುತ್ತದೆ, ಇಪ್ಪತ್ತು ನಿಮಿಷ ಬಿಟ್ಟು ತೊಳೆಯಬೇಕು. ಎರಡನೇ ನೀರು ಮುರಿದದ್ದನ್ನು ಸುರುಳಿಯಾಗಿಯೇ ಕೂಡಿಸುತ್ತದೆ. ಎರಡನೆಯದು ಹಾಕದಿದ್ದರೆ ಎಲ್ಲ ಮತ್ತೆ ನೆಟ್ಟಗೆ. ಮೊದಲನೆಯದನ್ನು ಹೆಚ್ಚು ಹೊತ್ತು ಬಿಟ್ಟರೆ ನೆಟ್ಟಗೂ ಇಲ್ಲ, ಸುರುಳಿಯೂ ಇಲ್ಲ, ತಲೆಯೇ ಖಾಲಿ.

ಈ ಚರಿತ್ರೆಯನ್ನು ಹೆರ್ಮಿನಾ ಪರೀಕ್ಷೆಯ ಬೆಳಿಗ್ಗೆ, ಮಾದರಿಯಾಗಿ ಕೂರಲು ಬಂದಿದ್ದ ಹುಡುಗಿಯ ಎದುರಿಗೇ ಹೇಳಿದಳು. ಹುಡುಗಿ ಗಂಜಲದವರೆಗೂ ಕೇಳಿದಳು, ಸುಟ್ಟ ಕೂದಲಿನ ಮಾತು ಬಂದಾಗ ಎದ್ದು ಓಡಿದಳು. ಪರೀಕ್ಷೆಗೆ ಅರ್ಧ ಗಂಟೆ ಇತ್ತು, ತಲೆ ಇರಲಿಲ್ಲ. ಹೊರಗೆ ಮೋಟಾರ್ ಸೈಕಲ್ಲಿಗೆ ಒರಗಿ ಬೆರ್ತಲಾನ್ ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುತ್ತಿದ್ದ.

"ಬೆರ್ತಿ, ನನ್ನ ಪ್ರೀತಿಸ್ತೀಯಾ?" ವಿಲ್ಮಾ ಕೇಳಿದಳು.

"ಹೂಂ. ಯಾಕೆ?"

"ಹಾಗಾದ್ರೆ ಒಳಗೆ ಬಾ. ಒಂದೇ ಸಲ. ಮೂರು ತಿಂಗಳಲ್ಲಿ ತಾನೇ ಹೋಗುತ್ತೆ."

ವಿಲ್ಮಾ ಪಾಸಾದಳು. ಬೆರ್ತಲಾನ್ ಮೂರು ದಿನ ಉಣ್ಣೆ ಟೋಪಿ ಹಾಕಿಕೊಂಡು ತಿರುಗಿದ. ಭಾನುವಾರ ಸಿಲ್ವಾಶ್ ಊರಿನ ತಂಡದ ಮೇಲೆ ಪಂದ್ಯ. ಗೆದ್ದರೆ ಮೇಲಿನ ದರ್ಜೆಗೆ ಏರಬಹುದಿತ್ತು. ಕೊನೆಯ ನಿಮಿಷದಲ್ಲಿ ಟೋಪಿ ಹಾರಿ ಬಿತ್ತು, ಗುಂಗುರು ಹೊರಬಂತು, ಎದುರಾಳಿಗಳು ಒಂದು ಕ್ಷಣ ಬಾಯಿ ಬಿಟ್ಟು ನಿಂತರು, ಎಲ್ಲಿಂದಲೋ ಬಂದ ಚೆಂಡು ಆ ಗುಂಗುರಿಗೆ ಬಡಿದು ಗೋಲಿನೊಳಗೆ ಹೋಯಿತು.

ಬೆರ್ತಲಾನ್ ಅಂದೇ ನಿಜ ಹೇಳಬೇಕೆಂದಿದ್ದ. ಆದರೆ ಬಾಯಿ ತೆರೆಯುವ ಮೊದಲೇ ಅವನ ತಾಯಿ ಮೈದಾನದ ಅಂಚಿನಲ್ಲಿ ನಿಂತು, "ನಮ್ಮ ಮಾವನವರಿಗೂ ಹೀಗೇ ಇತ್ತು! ಚೊರ್ಬಾ ವಂಶದಲ್ಲಿ ಇಪ್ಪತ್ತೆರಡಕ್ಕೆ ಗುಂಗುರು ಒಡೆಯುತ್ತೆ!" ಎಂದು ಊರಿಗೆಲ್ಲ ಕೇಳುವಂತೆ ಸಾರಿದಳು. ಮಾವನವರು ಬೋಳುತಲೆಯವರಾಗಿದ್ದರು, ಆದರೆ ಅವರನ್ನು ನೋಡಿದವರು ಯಾರೂ ಉಳಿದಿರಲಿಲ್ಲ. ಪತ್ರಿಕೆಯವನು ಬಂದು ಗೋಲಿನ ಗುಟ್ಟು ಕೇಳಿದಾಗ ಬೆರ್ತಲಾನ್, "ಚೆಂಡು ಬಂತು, ತಲೆ ಅಡ್ಡ ಇತ್ತು" ಎಂದ. ಮರುದಿನ ಅದು 'ವಿನಯಶೀಲ ವೀರ' ಎಂಬ ತಲೆಬರಹದ ಕೆಳಗೆ ಅಚ್ಚಾಯಿತು.

ಮೂರು ತಿಂಗಳ ನಂತರ ಬುಡದಲ್ಲಿ ನೆಟ್ಟನೆಯ ಕೂದಲು ಇಣುಕತೊಡಗಿತು. ತಂಡ ಎರಡು ಪಂದ್ಯ ಸೋತಿತು. ಗುಂಗುರು ಸಡಿಲವಾದದ್ದಕ್ಕೂ ಸೋಲಿಗೂ ನಂಟಿದೆಯೆಂದು ಹೆಂಡದಂಗಡಿಯಲ್ಲಿ ಮಾತು ಹುಟ್ಟಿತು. ಬೆರ್ತಲಾನ್ ತಾನಾಗಿಯೇ ಹೋಗಿ ವಿಲ್ಮಾಳ ಕುರ್ಚಿಯಲ್ಲಿ ಕೂತ. "ಇದೇ ಕೊನೆ" ಎಂದ. ಈ ಮಾತನ್ನು ಅವನು ಮುಂದಿನ ಇಪ್ಪತ್ತು ವರ್ಷದಲ್ಲಿ ಸುಮಾರು ಎಂಬತ್ತು ಸಲ ಹೇಳಿದ. ನಿಜ ಬಯಲಾದರೆ ತೀರಿಹೋದ ತಾಯಿ ಸುಳ್ಳುಗಾತಿಯಾಗುತ್ತಾಳೆ, ಹೆಂಡತಿ ಮೋಸಗಾತಿಯಾಗುತ್ತಾಳೆ, ಗೋಲು ಪ್ಲಾಸ್ಟಿಕ್ ಕಡ್ಡಿಯ ಗೋಲಾಗುತ್ತದೆ. ಹಾಗಾಗಿ ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ, ಸಾಬೂನು ಕಾಯಿಸುತ್ತಿದ್ದೇವೆಂದು ನೆರೆಯವರಿಗೆ ಹೇಳಿ, ಅವನು ತಲೆ ಒಪ್ಪಿಸಿ ಕೂರುತ್ತಿದ್ದ. ಆ ಮನೆಯಲ್ಲಿ ಕಾಯಿಸಿದಷ್ಟು ಸಾಬೂನಿನಿಂದ ಇಡೀ ಜಿಲ್ಲೆಯನ್ನು ತೊಳೆಯಬಹುದಿತ್ತು.

ಬೀದಿಯಲ್ಲಿ ಯಾರಾದರೂ ಜೇಬಿನಿಂದ ಬಾಚಣಿಗೆ ತೆಗೆದು ತಲೆಗೆ ಎಳೆದುಕೊಂಡರೆ ಬೆರ್ತಲಾನ್ ನಿಂತು ನೋಡುತ್ತಿದ್ದ, ಹಸಿದವನು ಮಿಠಾಯಿ ಅಂಗಡಿಯ ಗಾಜಿನ ಮುಂದೆ ನಿಂತ ಹಾಗೆ.

ತೊಂಬತ್ತೆಂಟರ ಈಸ್ಟರ್ ಬಂತು. ಆ ಗೆಲುವಿಗೆ ಇಪ್ಪತ್ತು ವರ್ಷ. ಹಳೆಯ ತಂಡವನ್ನು ಹಳೆಯ ಅಂಗಿಗಳಲ್ಲಿ, ಹಳೆಯ ಜಾಗದಲ್ಲಿ, ಹಳೆಯ ಚಿತ್ರದಲ್ಲಿದ್ದ ಹಾಗೆಯೇ ನಿಲ್ಲಿಸಿ ಹೊಸ ಫೋಟೊ ತೆಗೆಯಬೇಕೆಂದು ಊರು ನಿರ್ಧರಿಸಿತು. ಈಸ್ಟರ್ ಸೋಮವಾರ ಹನ್ನೊಂದು ಗಂಟೆಗೆ ಪತ್ರಿಕೆಯ ಛಾಯಾಗ್ರಾಹಕ ಬರುವವನಿದ್ದ. ನಾಯಕ ಕಾಲ್ಮಾನ್ ಈಗ ಕಸಾಯಿ ಅಂಗಡಿ ಇಟ್ಟಿದ್ದ, ತಲೆ ತಟ್ಟೆಯಂತಾಗಿತ್ತು. ಗೋಲ್‌ಕೀಪರ್ ದೆಜೊ ಅಂಚೆಯವನಾಗಿದ್ದ, ಹಳೆಯ ಅಂಗಿ ಅವನ ಹೊಟ್ಟೆಯ ಅರ್ಧಕ್ಕೆ ನಿಲ್ಲುತ್ತಿತ್ತು. "ನಮ್ಮನ್ನ ಯಾರೂ ಗುರುತು ಹಿಡಿಯಲ್ಲ. ಬೆರ್ತಿ ತಲೆ ಒಂದೇ ಸಾಕ್ಷಿ" ಎಂದು ಕಾಲ್ಮಾನ್ ತಿಂಗಳಿಂದ ಹೇಳುತ್ತ ಬಂದಿದ್ದ.

ಸಾಕ್ಷಿಯ ಬುಡ ಎರಡು ಬೆರಳು ನೆಟ್ಟಗಾಗಿತ್ತು. ಆದರೆ ಈಸ್ಟರಿನ ಹಿಂದಿನ ವಾರ ಊರಿನ ಪ್ರತಿ ಹೆಂಗಸಿಗೂ ವಿಲ್ಮಾಳೇ ಪರ್ಮ್ ಮಾಡಬೇಕು. ಶನಿವಾರ ರಾತ್ರಿಯವರೆಗೂ ಅವಳ ಕುರ್ಚಿ ಆರಲಿಲ್ಲ. ಭಾನುವಾರ ಚರ್ಚು, ನೆಂಟರು. ಗಂಡನ ತಲೆಗೆ ಸರದಿ ಬಂದದ್ದು ಸೋಮವಾರ ಬೆಳಿಗ್ಗೆ ಏಳಕ್ಕೆ.

ಈಸ್ಟರ್ ಸೋಮವಾರ ಗಂಡಸರು ಮನೆಮನೆಗೆ ಹೋಗಿ ಪದ್ಯ ಹೇಳಿ ಹೆಂಗಸರಿಗೆ ನೀರು ಹಾಕುವ ದಿನ. ಪಟ್ಟಣದವರು ಎರಡು ಹನಿ ಅತ್ತರು ಚಿಮುಕಿಸಿ ಮುಗಿಸುತ್ತಾರೆ. ಕೆರೆಕ್‌ಹಾಲೊಮಿನವರು ಬಾವಿಯ ನೀರನ್ನು ಬಕೆಟ್ಟಿನಲ್ಲಿ ತರುತ್ತಾರೆ. ನೀರು ಬೀಳದ ಹೆಣ್ಣು ಆ ವರ್ಷ ಬಾಡುತ್ತಾಳೆಂದು ನಂಬಿಕೆ. ಅಂದು ಬಾಗಿಲಿಗೆ ಅಗುಳಿ ಹಾಕಿದರೆ ಊರಿಗೇ ಅವಮಾನ. ಆದರೂ ಅವರು ಹತ್ತರ ಮೊದಲು ಬರುವುದಿಲ್ಲವೆಂದು ವಿಲ್ಮಾ ಲೆಕ್ಕ ಹಾಕಿದ್ದಳು. ಹನ್ನೊಂದಕ್ಕೆ ಫೋಟೊ ಇರುವುದರಿಂದ ಈ ಸಲ ಅವರೂ ಬೇಗ ಹೊರಡುತ್ತಾರೆಂಬುದು ಅವಳಿಗೆ ಹೊಳೆದಿರಲಿಲ್ಲ.

ಎಂಟಕ್ಕೆ ಹತ್ತು ನಿಮಿಷ ಇದ್ದಾಗ ನಲವತ್ತನೆಯ ಕಡ್ಡಿ ಸುತ್ತಿ ಮುಗಿದು, ಮೊದಲ ನೀರು ಹಾಕಿ ಐದು ನಿಮಿಷವಾಗಿತ್ತು. ಅಂಗಳದಲ್ಲಿ ಹಳೆಯ ತಂಡದ ನಾಲ್ವರ ಮಾತು, ಬಕೆಟ್ಟುಗಳ ಸದ್ದು ಕೇಳಿಸಿತು.

"ಕಾಲ್ಮಾನ್!" ವಿಲ್ಮಾ ಪಿಸುಗುಟ್ಟಿದಳು. "ಹೋಗು, ಹೋಗು!"

"ಎಲ್ಲಿಗೆ?" ಎಂದ ಬೆರ್ತಲಾನ್. ಅಡುಗೆಮನೆಗೆ ಎರಡೇ ಬಾಗಿಲು. ಒಂದರಿಂದ ಅವರು ಬರುತ್ತಿದ್ದರು. ಇನ್ನೊಂದು ಉಗ್ರಾಣದ್ದು.

ಅತ್ತೆ ಎತೆಲ್ಕಾ ಅವನನ್ನು ಹಿಂದಿನಿಂದ ತಳ್ಳಿ ಉಗ್ರಾಣದ ಬಾಗಿಲು ಮುಚ್ಚಿದಳು. ಎಂಬತ್ತರ ಹತ್ತಿರದ ಎತೆಲ್ಕಾಗೆ ಗುಟ್ಟು ಮೊದಲಿನಿಂದಲೂ ಗೊತ್ತಿತ್ತು, ಕಿವಿ ಮಾತ್ರ ಮಂದ. ಬೆರ್ತಲಾನ್ ಹಿಟ್ಟಿನ ಡಬ್ಬದ ಮೇಲೆ ಕೂತ. ಎದುರಿಗೆ ಉಪ್ಪಿನಕಾಯಿ ಜಾಡಿಗಳ ಸಾಲು, ತಲೆಯ ಮೇಲೆ ತೂಗುವ ಹಂದಿ ತೊಡೆ, ಮುಷ್ಟಿಯಷ್ಟು ಗಾಳಿಕಿಂಡಿ. ಅದರಿಂದ ಬೆಕ್ಕು ಕೂಡ ಹೊರಗೆ ಹೋಗಲಾರದು.

ಹೊರಗೆ ಪದ್ಯ ಹೇಳಿದ್ದು, ನೀರು ಬಿದ್ದದ್ದು, ವಿಲ್ಮಾ ಚೀರಿದ್ದು ಕೇಳಿಸಿತು. ಆಮೇಲೆ ಬೆರ್ತಲಾನ್ ಹೆದರಿದ್ದ ಸದ್ದು ಕೇಳಿಸಿತು: ಕುರ್ಚಿಗಳನ್ನು ಎಳೆಯುವ ಸದ್ದು.

"ಬೆರ್ತಿ ಎಲ್ಲಿ?" ಕಾಲ್ಮಾನನ ದನಿ.

"ಮೈದಾನಕ್ಕೆ ಹೋದ," ವಿಲ್ಮಾ ಹೇಳಿದಳು. "ನೀವೂ ಹೊರಡಿ, ಅಲ್ಲೇ ಸಿಗ್ತಾನೆ."

"ಇಷ್ಟು ಬೇಗ ಅಲ್ಲಿ ಹೋಗಿ ಹುಲ್ಲು ಮೇಯ್ತಾನಾ? ಬರ್ಲಿ ಬಿಡು, ಕಾಯ್ತೀವಿ."

"ಕೂತ್ಕೊಳ್ಳಪ್ಪಾ, ಕೂತ್ಕೊ," ಎಂದಳು ಎತೆಲ್ಕಾ. ಅರವತ್ತು ವರ್ಷದಿಂದ ನೀರು ಹಾಕಲು ಬಂದವರನ್ನು ಉಪಚರಿಸಿದ ನಾಲಿಗೆ, ತಡೆಯುವಷ್ಟರಲ್ಲಿ ಹೊರಟುಬಿಟ್ಟಿತ್ತು. "ಪಾಲಿಂಕಾ ಸಾರಾಯಿ ಇದೆ, ಕುಡೀರಿ. ಹಂದಿ ತೊಡೆ ಕೊಯ್ತೀನಿ. ಸಿಹಿ ಬ್ರೆಡ್ಡು ಪೂರ್ತಿ ಹಾಗೇ ಇದೆ."

ಬೆರ್ತಲಾನ್ ಕತ್ತಲಲ್ಲಿ ಹಲ್ಲು ಕಡಿದ. ತಲೆಯ ಚರ್ಮ ಸಣ್ಣಗೆ ಚುರುಗುಟ್ಟತೊಡಗಿತ್ತು.

"ಏನೋ ನಾರ್ತಿದೆ ಅಲ್ವಾ?" ಇದು ದೆಜೊ.

"ಮೊಟ್ಟೆ," ವಿಲ್ಮಾ ಥಟ್ಟನೆ ಹೇಳಿದಳು. "ಒಂದು ಕೆಟ್ಟಿದೆ."

"ಯಾವುದು?" ದೆಜೊ ಕೇಳಿದ. ನೀರು ಹಾಕಿದವರಿಗೆಲ್ಲ ಕೊಡುವ ಬಣ್ಣದ ಮೊಟ್ಟೆಗಳ ಬುಟ್ಟಿ ಮೇಜಿನ ಮೇಲಿತ್ತು. ಅವನು ಒಂದೊಂದನ್ನೇ ಮೂಗಿಗೆ ಹಿಡಿದು ಪರೀಕ್ಷಿಸತೊಡಗಿದನೆಂದು ಮೌನದಿಂದಲೇ ತಿಳಿಯುತ್ತಿತ್ತು. ಅಂಚೆಯವನು, ಅವನಿಗೆ ಅವಸರವೇ ಇಲ್ಲ.

ಚರ್ಚಿನ ಗಂಟೆ ಎಂಟು ಹೊಡೆಯಿತು. ಇನ್ನೈದು ನಿಮಿಷಕ್ಕೆ ತೊಳೆಯಬೇಕಿತ್ತು. ವಿಲ್ಮಾ ಹಂದಿ ತೊಡೆ ತರುವ ನೆಪದಲ್ಲಿ ಉಗ್ರಾಣದೊಳಗೆ ನುಸುಳಿದಳು. ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಉರೀತಿದೆ ಕಣೇ," ಬೆರ್ತಲಾನ್ ಪಿಸುಗುಟ್ಟಿದ.

"ಸುಮ್ನಿರು. ಈಗ ಹೋಗ್ತಾರೆ."

"ಕಾಲ್ಮಾನ್ ಪಾಲಿಂಕಾ ಬಾಟಲಿ ಬಿಟ್ಟು ಎದ್ದದ್ದನ್ನ ನೀನು ಯಾವತ್ತು ಕಂಡಿದ್ದೀಯ?"

"ನೀರು ತರ್ತೀನಿ. ಇಲ್ಲೇ ತೊಳೀತೀನಿ."

"ನಿನ್ನ ಒದ್ದೆ ಲಂಗ ಹಿಂಡಿಯಾದ್ರೂ ತೊಳಿ! ಬೇಗ!"

"ಬಾಯಿ ಮುಚ್ಚು, ತಲೆ ಅಲ್ಲಾಡಿಸಬೇಡ. ಕಡ್ಡಿ ಬಿಚ್ಕೊಂಡ್ರೆ ನನ್ನ ಕೇಳ್ಬೇಡ."

ಹಂದಿ ತೊಡೆ ಕೊಕ್ಕೆಯಿಂದ ಬಿಡಿಸಿಕೊಂಡು ಹೋದಳು. ಹೂಜಿಗೆ ನೀರು ತುಂಬಿದ ಸದ್ದು, ಹೆಜ್ಜೆ ಹತ್ತಿರ ಬಂದ ಸದ್ದು. ಬೆರ್ತಲಾನ್ ಕತ್ತು ಚಾಚಿದ.

"ಏಯ್ ವಿಲ್ಮಾ!" ಕಾಲ್ಮಾನ್ ಎದ್ದೇಬಿಟ್ಟಿದ್ದ. "ಇವತ್ತು ಹೆಂಗಸು ನೀರು ಹಿಡಿಯೋದುಂಟಾ? ಕೊಡು ಇಲ್ಲಿ!" ಹೂಜಿ ಕೈ ಬದಲಾಯಿಸಿತು. ಮತ್ತೊಮ್ಮೆ ನೀರು ಬಿದ್ದ ಸದ್ದು, ಮತ್ತೊಮ್ಮೆ ಚೀರು, ಮೇಜು ಗುದ್ದಿ ನಕ್ಕ ನಗು. ಎರಡು ಮೊಳದ ಆಚೆ, ಹಲಗೆ ಬಾಗಿಲಿನ ಆ ಬದಿಯಲ್ಲಿ, ತನ್ನ ತಲೆಗೆ ಬರಬೇಕಾಗಿದ್ದ ನೀರು ನೆಲದ ಮೇಲೆ ಹರಿದು ಹೋಗುತ್ತಿರುವುದನ್ನು ಬೆರ್ತಲಾನ್ ಕೇಳಿಸಿಕೊಂಡ. ಮರುಭೂಮಿಯಲ್ಲಿ ಸೈನ್ಯ ಕಳೆದುಕೊಂಡ ಸೇನಾಪತಿಗೂ ಅಷ್ಟು ದುಃಖವಾಗಿರಲಾರದು.

ಈಗ ಉರಿ ಕಿವಿಯ ಹಿಂದಕ್ಕೆ ಇಳಿದಿತ್ತು. ಅವನು ಕೈ ಹಾಕಿ ಒಂದು ಕಡ್ಡಿಯ ಪಕ್ಕದ ಕೂದಲು ಮುಟ್ಟಿ ನೋಡಿದ. ಬೇಯಿಸಿದ ಶಾವಿಗೆಯಷ್ಟು ಮೆತ್ತಗಿತ್ತು. ಹೊರಗೆ ಹೋದರೆ ಗುಟ್ಟು ಹೋಯಿತು. ಒಳಗಿದ್ದರೆ ಕೂದಲು ಹೋಯಿತು. ಸೌತೆಕಾಯಿ ಉಪ್ಪಿನಕಾಯಿಯ ನೀರಿನಲ್ಲಿ ತಲೆ ತೊಳೆದುಕೊಂಡರೆ ಹೇಗೆ ಎಂಬ ಯೋಚನೆ ಬಂತು. ಬೇರೆ ದಾರಿಯಿಲ್ಲದವನಿಗೆ ಅದು ಮಹಾ ಯುಕ್ತಿಯಾಗಿ ಕಂಡಿತು. ತಡಕಾಡಿ ಒಂದು ಜಾಡಿ ಎತ್ತಿ, ಮುಚ್ಚಳ ತಿರುಗಿಸಿ, ತಲೆ ಬಗ್ಗಿಸಿ ಸುರಿದುಕೊಂಡ. ಅದು ಸೌತೆಕಾಯಿಯದಲ್ಲ. ಅತ್ತೆ ಹಬ್ಬಕ್ಕೆಂದು ತುರಿದಿಟ್ಟ ಖಾರದ ಬೇರಿನ ವಿನಿಗರ್.

ಬೆರ್ತಲಾನ್ ಕೂಗಲಿಲ್ಲ. ಆ ಮಟ್ಟಿಗೆ ಅವನು ವೀರನೇ. ಆದರೆ ಹಲ್ಲುಗಳ ನಡುವಿನಿಂದ ಒಂದು ಸಣ್ಣ ಕೀರಲು ದನಿ ಹೊರಟಿತು, ಜಾಡಿ ಕೈಜಾರಿ ನೆಲಕ್ಕೆ ಬಿತ್ತು.

ಅಡುಗೆಮನೆಯಲ್ಲಿ ಯಾರೋ ಗ್ಲಾಸನ್ನು ಮೇಜಿನ ಮೇಲೆ ಕುಕ್ಕಿದರು.

"ಒಳಗ್ಯಾರು?" ಎಂದ ಕಾಲ್ಮಾನ್.

"ಯಾರೂ ಇಲ್ಲ," ಎಂದಳು ವಿಲ್ಮಾ.

"ಬೆಕ್ಕು," ಎಂದಳು ಮರುಕ್ಷಣವೇ.

"ಬೆಕ್ಕು ಇಲ್ಲಿ ನನ್ನ ಕಾಲ ಹತ್ರ ಇದೆಯಲ್ಲ," ಎಂದ ದೆಜೊ.

ಕಾಲ್ಮಾನನ ಬೂಟು ಉಗ್ರಾಣದ ಕಡೆ ಒಂದು ಹೆಜ್ಜೆ ಇಟ್ಟಿತು. ಆಗ ಎತೆಲ್ಕಾಗೆ ಅಳಿಯನನ್ನು ಉಳಿಸಬೇಕೆಂಬ ಆವೇಶ ಬಂತು. ಅಡ್ಡ ನಿಂತು, ಆ ಊರಿನಲ್ಲಿ, ಆ ದಿನ, ಯಾವ ಹೆಂಗಸೂ ಹೇಳಬಾರದ ಮಾತನ್ನು ಹೇಳಿಬಿಟ್ಟಳು.

"ಬೇಡಪ್ಪಾ! ಅದು ನನ್ನ ತಂಗಿ ಮೊಮ್ಮಗಳು. ಪಟ್ಟಣದ ಹುಡುಗಿ. ತುಂಬಾ ನಾಚಿಕೆ ಅವಳಿಗೆ. ಹೊಸದಾಗಿ ಕೂದಲು ಮಾಡಿಸ್ಕೊಂಡಿದ್ದಾಳೆ, ನೀರು ತಾಗಬಾರದು!"

ಹುಡುಗಿಯರು ಉಗ್ರಾಣದಲ್ಲಿ ಅಡಗುವುದು, ಮನೆಯವರು ಬೇಡ ಬೇಡ ಎನ್ನುವುದು, ಗಂಡಸರು ಬಾಗಿಲು ತಳ್ಳಿ ನೀರು ಸುರಿಯುವುದು, ಇವು ಆ ಹಬ್ಬದ ಮೂಲ ನಿಯಮಗಳು. ಬೇಡ ಎಂದಷ್ಟೂ ಬೇಕು ಎಂದರ್ಥ. ನಾಚಿಕೆಯ ಹುಡುಗಿ, ಅದೂ ಪಟ್ಟಣದವಳು, ಅದೂ ಹೊಸ ಕೂದಲು! ಉಳಿದ ಮೂವರೂ ಏಕಕಾಲಕ್ಕೆ ಎದ್ದರು. ದೆಜೊ ಮೊಟ್ಟೆ ಬಿಟ್ಟು ಅಂಗಳಕ್ಕೆ ಓಡಿದ. ಬಾವಿಯ ರಾಟೆ ಕಿರುಗುಟ್ಟಿತು.

"ಅಮ್ಮಾ, ನಿನ್ನ ಬಾಯಿಗಿಷ್ಟು ಬೆಂಕಿ ಹಾಕ!" ಎಂದು ವಿಲ್ಮಾ ಅತ್ತಳು. ಅದನ್ನೂ ಅವರು ಹಬ್ಬದ ಭಾಗವೆಂದೇ ತಿಳಿದರು.

ಬೆರ್ತಲಾನ್ ಬಾಗಿಲಿನ ಚಿಲಕ ಹುಡುಕಿದ. ಉಗ್ರಾಣಕ್ಕೆ ಒಳಚಿಲಕ ಯಾಕಿರುತ್ತದೆ? ಹಿಡಿ ಹಿಡಿದು ಎಳೆದು ನಿಂತ. ಹೊರಗಿನಿಂದ ಕಾಲ್ಮಾನ್, "ಹೆದರ್ಬೇಡ ಚಿನ್ನಾ, ಒಂದೇ ಬಕೆಟ್ಟು!" ಎಂದು ಮುದ್ದು ಮಾಡುತ್ತ ಎಳೆದ. ಹಂದಿ ಎತ್ತಿ ಕೊಕ್ಕೆಗೆ ಹಾಕುವ ಕೈ ಅದು. ಬಾಗಿಲು ಹಾರಿ ತೆರೆಯಿತು, ದೆಜೊ ಪದ್ಯದ ಮೊದಲ ಸಾಲು ಹಾಡುತ್ತ, ಕಣ್ಣಿಗೆ ಕತ್ತಲು ಹೊಂದುವ ಮೊದಲೇ ಇಡೀ ಬಕೆಟ್ಟನ್ನು ಸುರಿದುಬಿಟ್ಟ.

ಪದ್ಯದ ಎರಡನೆಯ ಸಾಲು ಬರಲೇ ಇಲ್ಲ.

ಹಿಟ್ಟಿನ ಡಬ್ಬದ ಮುಂದೆ ಬೆರ್ತಲಾನ್ ಚೊರ್ಬಾ ನಿಂತಿದ್ದ. ಕಣ್ಣು ಕೆಂಪು, ಹುಬ್ಬಿನ ಮೇಲೆ ಖಾರದ ಬೇರಿನ ತುರಿ, ಹೆಗಲ ಮೇಲೆ ಹೆಂಡತಿಯ ಗುಲಾಬಿ ಬಣ್ಣದ ಹೊದಿಕೆ, ತಲೆಯ ತುಂಬ ಹಸಿರು ಮತ್ತು ಹಳದಿ ಕಡ್ಡಿಗಳು. ಪ್ರತಿ ಕಡ್ಡಿಯ ತುದಿಯಿಂದಲೂ ನೀರು ತೊಟ್ಟಿಕ್ಕುತ್ತಿತ್ತು.

"ಇದು ಹುಡುಗಿ ಅಲ್ಲ," ಎಂದ ದೆಜೊ.

ಯಾರೂ ನಗಲಿಲ್ಲ. ನಕ್ಕಿದ್ದರೆ ಬೆರ್ತಲಾನನಿಗೆ ಹಗುರವಾಗುತ್ತಿತ್ತು. ಕಾಲ್ಮಾನ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ, ಶವದ ಮುಂದೆ ನಿಂತವನಂತೆ.

"ಎಷ್ಟು ದಿನದಿಂದ?" ಎಂದು ಕೇಳಿದ.

"ಮೊದಲಿಂದ," ಎಂದಳು ವಿಲ್ಮಾ.

"ಆ ಗೋಲಿನ ದಿನಾನೂ?"

"ಅದಕ್ಕೆ ಮೂರು ದಿನ ಮುಂಚೆ. ನನ್ನ ಪರೀಕ್ಷೆಗೆ."

ಕಾಲ್ಮಾನ್ ಮೆಲ್ಲಗೆ ಕುರ್ಚಿಯಲ್ಲಿ ಕುಸಿದ. "ಇಪ್ಪತ್ತು ವರ್ಷದಿಂದ ಮಾಂಸ ಕೊಯ್ತಾ ಕೊಯ್ತಾ ಇದೇ ಕತೆ ಹೇಳ್ತಾ ಬಂದೆನಲ್ಲೋ," ಎಂದ. "ನನ್ನ ಹೆಂಡ್ತಿ ಮೂರು ಬಸುರಿಗೂ ಇವನ ತಲೆ ಮುಟ್ಟಿ ಬಂದ್ಲು. ಮೂರಕ್ಕೂ ಗರಿಕೆ ಹುಲ್ಲಿನ ಹಾಗೆ ನೆಟ್ಟಗೆ ಹುಟ್ತು. ತಪ್ಪು ನನ್ನದು ಅಂದ್ಕೊಂಡಿದ್ದೆ."

"ನಂದು ಹೋಗಿದೆಯಾ?" ಬೆರ್ತಲಾನ್ ಹೆಂಡತಿಯನ್ನು ಕೇಳಿದ.

ವಿಲ್ಮಾ ಹತ್ತಿರ ಬಂದು ಒಂದು ಕಡ್ಡಿಯನ್ನು ಅರ್ಧ ಬಿಚ್ಚಿ, ಕೂದಲನ್ನು ಬೆರಳ ನಡುವೆ ಎಳೆದು ನೋಡಿದಳು. ಮುಖದ ಬಣ್ಣ ಮರಳಿ ಬಂತು. "ಇಲ್ಲ, ಉಳಿದಿದೆ. ಸರಿಯಾದ ಹೊತ್ತಿಗೆ ನೀರು ಬಿತ್ತು. ಎರಡನೇ ನೀರು ಹಾಕೋದೊಂದೇ ಬಾಕಿ."

ಆ ಮಾತು ಕೇಳಿ ಕಾಲ್ಮಾನನ ತಲೆ ನಿಧಾನವಾಗಿ ಮೇಲೆದ್ದಿತು. ಸೋತ ಪಂದ್ಯದ ಕೊನೆಯ ನಿಮಿಷದಲ್ಲಿ ಅವನ ಕಣ್ಣಲ್ಲಿ ಮೂಡುತ್ತಿದ್ದ ಹೊಳಪು ಮೂಡಿತು. ಅವನು ಹೋಗಿ ಅಂಗಳದ ಬಾಗಿಲು ಮುಚ್ಚಿ ಬಂದ. ಈಸ್ಟರ್ ಸೋಮವಾರ ಆ ಊರಿನಲ್ಲಿ ಬಾಗಿಲು ಮುಚ್ಚಿದ್ದು ಬಹುಶಃ ಅದೇ ಮೊದಲು.

"ಹನ್ನೊಂದಕ್ಕೆ ಇನ್ನೂ ಎರಡೂಮುಕ್ಕಾಲು ಗಂಟೆ ಇದೆ," ಎಂದ. "ವಿಲ್ಮಾ, ಎಷ್ಟು ಹೊತ್ತು ಬೇಕು?"

"ಅರ್ಧ ಗಂಟೆ. ಒಣಗೋಕೆ ಇನ್ನೊಂದು."

"ಸಾಕು. ಕೇಳು ಬೆರ್ತಿ, ನಾವು ನಾಲ್ಕು ಜನ ಬಿಟ್ರೆ ಯಾರಿಗೂ ಗೊತ್ತಿಲ್ಲ. ದೆಜೊ ಬಾಯಿಗೆ ನಾನು ಜವಾಬ್ದಾರಿ. ಮೂರು ತಿಂಗಳಿಗೊಮ್ಮೆ ಬೇಕಾದ್ರೆ ನಾನೇ ಬಂದು ಬಾಗಿಲು ಕಾಯ್ತೀನಿ. ನನ್ನ ಅಂಗಡಿ ಹಿಂದಿನ ಕೋಣೆ ಕೊಡ್ತೀನಿ, ಅಲ್ಲಿ ಎಂಥ ವಾಸನೆಯಿದ್ರೂ ಯಾರೂ ಕೇಳಲ್ಲ. ಆ ಚಿತ್ರ ಇದ್ದ ಹಾಗೇ ಬರ್ಬೇಕು. ಊರಿಗೆ ಇರೋದು ಅದೊಂದೇ ಕಣೋ. ಇನ್ನೇನಿದೆ ನಮಗೆ? ಸಕ್ಕರೆ ಕಾರ್ಖಾನೆ ಮುಚ್ತು, ರೈಲು ನಿಲ್ಲೋದು ಬಿಟ್ತು, ನಾನು ಬೋಳಾದೆ. ನಿನ್ನ ತಲೆ ಒಂದು ಉಳಿದಿದೆ. ನೀನು ಸಾಯೋವರೆಗೂ ಕಾಪಾಡ್ತೀವಿ. ಸತ್ತ ಮೇಲೂ ಪೆಟ್ಟಿಗೆಗೆ ಇಡೋ ಮುಂಚೆ ವಿಲ್ಮಾ ಒಂದು ಸಲ..."

"ಅಗತ್ಯವಾಗಿ," ಎಂದ ದೆಜೊ, ಕಣ್ಣೊರೆಸಿಕೊಳ್ಳುತ್ತ.

ವಿಲ್ಮಾ ಕಿಟಕಿಯ ಮೇಲಿದ್ದ ಎರಡನೇ ನೀರಿನ ಬಾಟಲಿ ಕೈಗೆತ್ತಿಕೊಂಡಿದ್ದಳು. ಆದರೆ ಸುರಿಯಲಿಲ್ಲ, ಗಂಡನ ಮುಖ ನೋಡುತ್ತ ನಿಂತಳು. ಇಪ್ಪತ್ತು ವರ್ಷದಲ್ಲಿ ಅವಳು ಅವನನ್ನು ಹಾಗೆ ಕೇಳುವ ಕಣ್ಣಿಂದ ನೋಡಿದ್ದು ಇದೇ ಮೊದಲೆಂದು ಬೆರ್ತಲಾನನಿಗೆ ಅನಿಸಿತು. ಅತ್ತೆ ಕೂಡ ಕೊಯ್ಯುತ್ತಿದ್ದ ಚಾಕು ನಿಲ್ಲಿಸಿ ಕಿವಿ ಅವನ ಕಡೆ ತಿರುಗಿಸಿದಳು. ಎಲ್ಲರೂ ಅವನ ಬಾಯಿಂದ ಏನೋ ದೊಡ್ಡ ಮಾತು ಬರುತ್ತದೆಂದು ಕಾದರು.

"ಏನಂತೀಯ ಬೆರ್ತಿ?" ಎಂದ ಕಾಲ್ಮಾನ್.

ಬೆರ್ತಲಾನ್ ಕುರ್ಚಿ ಎಳೆದು ಕೂತ. ಹೆಗಲ ಮೇಲಿನ ಗುಲಾಬಿ ಹೊದಿಕೆಯಿಂದ ಮೂಗು ಒರೆಸಿಕೊಂಡ.

"ಬೇಡ," ಎಂದ. "ಕಡ್ಡಿ ಬಿಚ್ಚಿ. ಎಳೀತಿದೆ."